ಪ್ಲಗ್ಗು ಎಳೆದ ಕೈ

“ಮುಖ ಕೆಳಗೆ ಮಾಡಿ ಇಟ್ರಾ ಸಾರ್?”

“ಇಟ್ಟೆನಮ್ಮ.”

“ಈಗ ಮುಚ್ಚಳ ಹಾಕಿ.”

“ಮುಚ್ಚಳ ಹಾಕಿದ್ರೆ ಕತ್ತು ನೋಯುತ್ತಲ್ಲಮ್ಮ. ಇನ್ನೂ ಎಷ್ಟು ಹೊತ್ತು ಹೀಗೇ ಬಗ್ಗಿರ್ಬೇಕು?”

ರೆಕಾರ್ಡಿಂಗು ಅಲ್ಲಿಗೆ ನಿಂತಿತು. ಕಾಗದದ ಮುಖ ಕೆಳಗೆ ಮಾಡಿ ಎಂದರೆ ಆ ಪುಣ್ಯಾತ್ಮ ತನ್ನ ಮುಖವನ್ನೇ ಕಾಪಿ ಮೆಷಿನ್ನಿನ ಗಾಜಿನ ಮೇಲೆ ಒತ್ತಿಕೊಂಡು ನಿಂತಿದ್ದ. ಬೇರೆ ದಿನವಾಗಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಇವತ್ತು ಆಕಳಿಕೆ ಬಂತು.

“ಮುಂದಿನದು ಹಾಕು,” ಎಂದೆ.

ಫೋನಮ್ಮ ನನ್ನ ಮುಖ ನೋಡಿದಳು. ನಮ್ಮ ಕಾಪಿ ಮೆಷಿನ್ ರಿಪೇರಿ ಕಂಪನಿಯಲ್ಲಿ ಗಿರಾಕಿಗಳ ಫೋನು ಎತ್ತುವ ಕೆಲಸ ಅವಳದು. ಅವಳಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇದೆ ಎನ್ನುವುದನ್ನೇ ನಾವೆಲ್ಲ ಮರೆತುಬಿಟ್ಟಿದ್ದೇವೆ.

“ಬೆಳಗ್ಗಿಂದ ಏನೂ ತಿಂದಿಲ್ಲ ನೀವು. ಅದನ್ನೇ ಎಷ್ಟು ಸಲ ಕೇಳ್ತೀರಣ್ಣ? ಪೊಲೀಸರಿಗೂ ಇದನ್ನೇ ಕೊಟ್ಟಿದ್ದೀನಿ. ಅವರಿಗೇ ಸಿಗದೆ ಇದ್ದದ್ದು ನಿಮಗೆ ಸಿಗುತ್ತಾ?”

“ಹಾಕು ತಾಯಿ.”

ನಮ್ಮಲ್ಲಿ ಒಂದು ಪದ್ಧತಿ ಇದೆ. ನಗು ಬರುವಂಥ ಕರೆಗಳನ್ನು ಆರಿಸಿ ಬೇರೆ ಇಡುತ್ತೇವೆ. ಅದಕ್ಕೆ ‘ನಗುವಿನ ಡಬ್ಬಿ’ ಎಂದು ಹೆಸರು. ಶನಿವಾರ ಚಹಾ ಹೊತ್ತಿನಲ್ಲಿ ಎಲ್ಲರೂ ಕೂತು ಕೇಳುತ್ತೇವೆ. ವಾರವಿಡೀ ಮೂಗಿನೊಳಗೆ ಮೆಷಿನ್ನಿನ ಕರಿಪುಡಿ ಎಳೆದುಕೊಂಡು, ಕಂಡವರ ಕೈಲಿ ಬೈಸಿಕೊಂಡು ಬಂದವರಿಗೆ ಅಷ್ಟಾದರೂ ಬೇಡವೇ?

ಮುಂದಿನ ಕರೆ ಒಂದು ವಿಮೆ ಕಚೇರಿಯದು. ಪುಡಿ ಕಡಿಮೆಯಾಗಿದೆ, ಒಂದು ಸಲ ಅಲ್ಲಾಡಿಸಿ ನೋಡಿ ಎಂದು ಫೋನಮ್ಮ ಹೇಳಿದ್ದಾಳೆ. ಪುಡಿಯ ಡಬ್ಬಿ ಅಲ್ಲಾಡಿಸುವ ಬದಲು ಅವರು ಆಳುಗಳನ್ನು ಕರೆದು ಇಡೀ ಮೆಷಿನ್ನನ್ನೇ ಹಿಡಿದು ಅಲ್ಲಾಡಿಸಿದ್ದಾರೆ. “ಇನ್ನೂ ಜೋರಾಗಿ ಅಲ್ಲಾಡಿಸ್ಬೇಕಾ ಮೇಡಂ, ಇಬ್ಬರಿಗೆ ಸೊಂಟ ಹಿಡ್ಕೊಂಡಿದೆ” ಎಂಬಲ್ಲಿಗೆ ಅದೂ ಮುಗಿಯಿತು.

ಆಮೇಲೆ ಬಂತು, ನಾನು ಕಾಯುತ್ತಿದ್ದ ಕರೆ.

“ನಿಮ್ಮ ಮೆಷಿನ್ ಸತ್ತೋಗಿದೆ. ಗುಂಡಿ ಒತ್ತಿದ್ರೆ ಒಂದು ದೀಪಾನೂ ಬರಲ್ಲ.”

“ಯಾವ ಆಫೀಸು ಮೇಡಂ?”

“ವಕೀಲರ ಆಫೀಸು. ಬೇಗ ಯಾರನ್ನಾದ್ರೂ ಕಳ್ಸಿ.”

“ಪ್ಲಗ್ ಹಾಕಿದ್ಯಾ ನೋಡಿದ್ರಾ?”

“ಏನಮ್ಮ, ನನ್ನ ತಲೆಕೂದಲು ಬೆಳ್ಳಗಾಗಿರೋದು ಸುಮ್ನೇನಾ? ಪ್ಲಗ್ ಹಾಕದೆ ಯಾರಾದ್ರೂ ಫೋನ್ ಮಾಡ್ತಾರಾ?”

ಪ್ಲಗ್ಗು ನೆಲದ ಮೇಲೆ ಬಿದ್ದಿತ್ತು. ಸೋಮವಾರ ನಮ್ಮ ಭಾವ ಹೋಗಿ, ಪ್ಲಗ್ಗು ಸಿಗಿಸಿ, ಒಂದು ಕಾಪಿ ತೆಗೆದು ನೋಡಿ ಬಂದರು. ಡಬ್ಬಿಗೆ ಹೊಸ ಜೋಕು ಸೇರಿತು. ಬುಧವಾರ ಆ ಮೆಷಿನ್ನಿನ ಬೆನ್ನೊಳಗಿನ ಡಿಸ್ಕು ಮಾಯವಾಗಿದೆ ಎಂದು ತಿಳಿಯಿತು. ಕಾಪಿ ತೆಗೆದ ಪ್ರತಿಯೊಂದು ಹಾಳೆಯನ್ನೂ ನೆನಪಿಟ್ಟುಕೊಳ್ಳುವ ಡಿಸ್ಕು ಅದು. ಅದಿಲ್ಲದಿದ್ದರೂ ಕಾಪಿ ಬರುತ್ತದೆ, ಹಾಗಾಗಿ ಯಾರಿಗೂ ಗೊತ್ತಾಗಿರಲಿಲ್ಲ. ಈಗ ಯಾರೋ ವಕೀಲರ ಕಕ್ಷಿದಾರರಿಗೆ ಫೋನು ಮಾಡಿ, ಅವರ ಮನೆಯೊಳಗಿನ ಗುಟ್ಟುಗಳನ್ನು ಅವರಿಗೇ ಓದಿ ಹೇಳುತ್ತಿದ್ದಾರೆ. ಭಾವ ಠಾಣೆಯಲ್ಲಿದ್ದಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅನ್ನುವುದು ಇದಕ್ಕೇ.

ನನಗೆ ಈ ಕೆಲಸ ಕಲಿಸಿದವರು ಭಾವ. ನನಗೊಬ್ಬನಿಗೇ ಅಲ್ಲ, ಕಂಪನಿಯಲ್ಲಿ ಸ್ಕ್ರೂಡ್ರೈವರ್ ಹಿಡಿದವರೆಲ್ಲ ಅವರ ಕೈಯಲ್ಲೇ ಕಲಿತವರು. ಹಾಗಾಗಿ ಎಲ್ಲರಿಗೂ ಅವರು ಗುರುಗಳು. ಅವರ ತಲೆಗೆ ಕಳ್ಳತನ ಕಟ್ಟುವುದೆಂದರೆ ನನಗೆ ಹೊಟ್ಟೆ ಉರಿಯುತ್ತದೆ. ಉರಿದು ಉರಿದು ಈಗ ಬೂದಿ ಮಾತ್ರ ಉಳಿದಿದೆ.

“ಇನ್ನೊಂದು ಸಲ,” ಎಂದೆ.

“ಅಣ್ಣಾ...”

“ಸೌಂಡ್ ಜಾಸ್ತಿ ಮಾಡು.”

ಈ ಸಲ ನಾನು ಆ ಹೆಂಗಸಿನ ಮಾತು ಕೇಳಲಿಲ್ಲ. ಮಾತಿನ ಹಿಂದೆ ಕೇಳಿದೆ. ಕಿರ್... ಟಕ್. ಕಿರ್... ಟಕ್. ಕಾಗದ ಎಳೆಯುವ ರೋಲರ್ ಒಣಗಿದಾಗ ಬರುವ ಸದ್ದು. ನಮ್ಮವರಿಗೆ ಅದನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿಸಿದರೂ ಗೊತ್ತಾಗುತ್ತದೆ. ಮೆಷಿನ್ ಸತ್ತಿದೆ ಎಂದು ಈಕೆ ಫೋನಿನಲ್ಲಿ ಗೋಳಿಡುತ್ತಿದ್ದಾಗ, ಅವಳ ಪಕ್ಕದಲ್ಲೇ ಒಂದು ಮೆಷಿನ್ ಕಾಪಿ ತೆಗೆಯುತ್ತಿತ್ತು.

ಸುಳ್ಳು ಕಂಪ್ಲೇಂಟು! ನಮ್ಮ ಕಂಪನಿಯಿಂದ ಒಬ್ಬರನ್ನು ಅಲ್ಲಿಗೆ ಕರೆಸಿಕೊಂಡು, ಕಳ್ಳತನವನ್ನು ಅವರ ತಲೆಗೆ ಕಟ್ಟಲು ಮಾಡಿದ ಕರೆ.

“ಏನಾಯ್ತಣ್ಣ?” ಫೋನಮ್ಮ ಕೇಳಿದಳು.

“ಏನಿಲ್ಲ. ಯಾವ ಕಾಲ್ ಇದೆ ನನಗೆ?”

“ಹಲ್ಲಿನ ಡಾಕ್ಟರದು. ಬೆಳಗ್ಗಿಂದ ಕೂಗ್ತಿದ್ದಾರೆ.”

ಆ ರೆಕಾರ್ಡಿಂಗನ್ನು ನನ್ನ ಮೊಬೈಲಿಗೆ ಹಾಕಿಸಿಕೊಂಡೆ. ಯಾಕೆ ಎಂದು ಅವಳು ಕೇಳಲಿಲ್ಲ. ಆದರೆ ನಾನು ಮೆಟ್ಟಿಲಿಳಿಯುವವರೆಗೂ ಗಾಜಿನ ಹಿಂದಿನಿಂದ ನೋಡುತ್ತಲೇ ಇದ್ದಳು.

*

ಭಾವ ಠಾಣೆಯಲ್ಲಿದ್ದರೂ ಹಲ್ಲಿನ ಡಾಕ್ಟರಿಗೆ ಕಾಪಿ ಬೇಕು. ಲೋಕ ಯಾರ ಮನೆ ಕಷ್ಟಕ್ಕೂ ನಿಲ್ಲುವುದಿಲ್ಲ.

ಅಲ್ಲಿ ಹೋದರೆ ಡಾಕ್ಟರು ಮೆಷಿನ್ನಿನ ಮುಂದೆ ಕೈಗವಸು ಹಾಕಿಕೊಂಡು ನಿಂತಿದ್ದರು. ಪಕ್ಕದ ತಟ್ಟೆಯಲ್ಲಿ ಹತ್ತಿಯ ಮೇಲೆ ಒಂದು ಸಣ್ಣ ಬಿಳಿ ಗಿಯರು ಮಲಗಿತ್ತು.

“ಕಾಗದ ಸಿಕ್ಕಿಹಾಕ್ಕೊಂಡಿತ್ತು. ನಾನೇ ಕಿತ್ತೆ,” ಎಂದರು ಹೆಮ್ಮೆಯಿಂದ. “ಕಾಗದ ಬರ್ಲಿಲ್ಲ, ಇದು ಬಂತು. ಇದು ಬೇಕಾ, ಬೇಡವಾ?”

“ಬೇಕು ಸಾರ್.”

“ನನಗೇನೋ ಅದು ಹುಳುಕಾಗಿದೆ ಅನ್ನಿಸ್ತು.”

ಅವರ ಇಕ್ಕಳದಿಂದಲೇ ಕಾಗದ ಎಳೆದು ಹಾಕಿ, ಗಿಯರು ಕೂರಿಸಿದೆ. ಬಾಯಿ ತೆರೆದುಕೊಂಡು ಕುರ್ಚಿಯಲ್ಲಿ ಒರಗಿದ್ದ ರೋಗಿ ಅಷ್ಟು ಹೊತ್ತೂ ನಮ್ಮನ್ನೇ ನೋಡುತ್ತಿದ್ದ. ಕೆಲಸ ಮುಗಿದ ಮೇಲೆ ಡಾಕ್ಟರು, “ಇವತ್ತು ಗಟ್ಟಿ ಪದಾರ್ಥ ಏನೂ ಕೊಡಬಾರದು ಅಲ್ವಾ ಇದಕ್ಕೆ?” ಎಂದು ತಮಾಷೆ ಮಾಡಿದರು. ಇದನ್ನು ಡಬ್ಬಿಗೆ ಹಾಕಬಹುದಿತ್ತು. ಹೇಳುವುದಕ್ಕೆ ಭಾವ ಇಲ್ಲದ ಮೇಲೆ ಯಾವ ಜೋಕು ಕಟ್ಟಿಕೊಂಡು ಏನಾಗಬೇಕು ಎನ್ನಿಸಿತು.

ಅಲ್ಲಿಂದ ನೇರ ಠಾಣೆಯ ಗೇಟಿಗೆ ಹೋದೆ. ಅಕ್ಕ ಊಟದ ಡಬ್ಬಿ ಹಿಡಿದುಕೊಂಡು ಫುಟ್‌ಪಾತಿನ ಕಟ್ಟೆಯ ಮೇಲೆ ಕೂತಿದ್ದಳು. ಮುಖ ಬಾಡಿ ಹೋಗಿತ್ತು.

“ಊಟ ಮಾಡಿದ್ರಾ?”

“ಅರ್ಧ ಬಿಟ್ಟಿದ್ದಾರೆ. ಮಾತಾಡಲ್ಲ ಕಣೋ. ನಾನು ಹೋದ್ರೆ ಗೋಡೆ ಕಡೆ ತಿರುಗ್ತಾರೆ. ‘ನನ್ನನ್ನ ಬಿಡಿಸೋಕೆ ಯಾರೂ ಓಡಾಡೋದು ಬೇಡ’ ಅಂತಾರೆ.”

“ಅವರಿಗೆ ಬೇಡ ಅಂದ್ರೆ ನಾವು ಬಿಡ್ತೀವಾ? ಬಾ, ಹತ್ತು ಗಾಡಿ. ಒಂದು ದಾರಿ ಸಿಕ್ಕಿದೆ.”

ಅಕ್ಕ ಕೂತಲ್ಲಿಂದ ಏಳಲಿಲ್ಲ. “ಯಾವ ದಾರಿ?” ಎಂದಳು. ಆ ಧ್ವನಿಯಲ್ಲಿ ಖುಷಿಗಿಂತ ಭಯವೇ ಜಾಸ್ತಿ ಇತ್ತು. ಸುಸ್ತಾಗಿದ್ದಾಳೆ ಪಾಪ ಎಂದುಕೊಂಡೆ. ಕೈ ಹಿಡಿದು ಎಬ್ಬಿಸಿ ಗಾಡಿಗೆ ಹತ್ತಿಸಿದೆ.

*

ವಕೀಲರು ಕೋರ್ಟಿಗೆ ಹೋಗಿದ್ದರು. ಆಫೀಸಿನಲ್ಲಿದ್ದವರು ಹೆಡ್‌ಕ್ಲರ್ಕ್ ಮೇಡಂ ಒಬ್ಬರೇ. ಬಿಳಿ ಕೂದಲನ್ನು ಬಿಗಿಯಾಗಿ ಗಂಟು ಹಾಕಿದ್ದ, ಕನ್ನಡಕದ ಮೇಲಿನಿಂದ ಜನರನ್ನು ನೋಡುವ ಹೆಂಗಸು. ಮೇಜಿನ ಮೇಲೆ ಫೋನು ಪದೇ ಪದೇ ಹೊಡೆದುಕೊಳ್ಳುತ್ತಿತ್ತು. ಪ್ರತಿ ಸಲವೂ ಅವರು ಅದನ್ನೆತ್ತಿ, “ಹೌದು, ವಿಷಯ ಗೊತ್ತಾಗಿದೆ. ಹೆದರ್ಬೇಡಿ,” ಎಂದು ಹೇಳಿ ಇಡುತ್ತಿದ್ದರು. ಅವರಿಗೂ ನಿದ್ದೆಯಿಲ್ಲ ಎಂದು ಕಣ್ಣೇ ಹೇಳುತ್ತಿತ್ತು.

“ನಿಮ್ಮ ಕಂಪನಿಯವರು ಇನ್ನೂ ಈ ಬಾಗಿಲಿಗೆ ಬರ್ತೀರಲ್ಲ, ನಿಮ್ಮ ಧೈರ್ಯಕ್ಕೆ ಏನು ಹೇಳ್ಬೇಕೋ,” ಎಂದರು ನನ್ನ ಅಂಗಿಯ ಜೇಬಿನ ಮೇಲಿನ ಗುರುತು ನೋಡಿ.

“ಮೇಡಂ, ಇವರು ನಮ್ಮಕ್ಕ. ಠಾಣೆಯಲ್ಲಿರೋರ ಹೆಂಡ್ತಿ.”

ಮೇಡಂ ಅಕ್ಕನನ್ನು ನೋಡಿದರು. ಒಂದು ಕುರ್ಚಿ ಎಳೆದು ಹಾಕಿದರು. ಆ ಕುರ್ಚಿಯನ್ನು ನೋಡಿ ನನ್ನ ಸಿಟ್ಟು ಒಂದು ಮೆಟ್ಟಿಲು ಇಳಿಯಿತು. ಆದರೂ ಬಂದ ಕೆಲಸ ಬಿಡಬಾರದಲ್ಲ.

“ಸೋಮವಾರ ನೀವು ಸುಳ್ಳು ಕಂಪ್ಲೇಂಟ್ ಕೊಟ್ರಿ ಮೇಡಂ.”

“ಏನಂದ್ರಿ?”

“ಮೆಷಿನ್ ಸತ್ತಿದೆ ಅಂದ್ರಿ. ಓಡ್ತಾ ಇತ್ತು. ಕೇಳಿ ಬೇಕಾದ್ರೆ.”

ಮೊಬೈಲನ್ನು ಮೇಜಿನ ಮೇಲಿಟ್ಟು ರೆಕಾರ್ಡಿಂಗು ಹಾಕಿದೆ. ತಮ್ಮದೇ ಧ್ವನಿ ಕೇಳಿ ಅವರ ಹುಬ್ಬು ಗಂಟಾಯಿತು. ಕಿರ್... ಟಕ್. ಕಿರ್... ಟಕ್. “ಮಾತಿನ ಹಿಂದಿನ ಆ ಸದ್ದು ಕೇಳಿ,” ಎಂದೆ.

“ಹೌದು. ಯಾವುದೋ ಮೆಷಿನ್ ಓಡ್ತಿದೆ,” ಎಂದರು.

“ಯಾವುದೋ ಅಲ್ಲ. ನಿಮ್ಮ ಹತ್ರ ಇರೋ ಮಾದರಿಯದ್ದೇ.”

“ಎದುರಿಗೇ ಇದೆಯಲ್ಲ. ಓಡಿಸಿ ನೋಡಿ. ಬಾಯಲ್ಲಿ ಯಾಕೆ ಹೇಳ್ತೀರಿ?”

ಗೋಡೆಗೆ ಒತ್ತಿಕೊಂಡು ಆ ಮೆಷಿನ್ ನಿಂತಿತ್ತು. ಬೆನ್ನಿನ ಮುಚ್ಚಳಕ್ಕೆ ಪೊಲೀಸರು ಅರಗಿನ ಮುದ್ರೆ ಹಾಕಿದ್ದರು. ನಾನು ಒಂದು ಖಾಲಿ ಹಾಳೆ ಇಟ್ಟು ಗುಂಡಿ ಒತ್ತಿದೆ. ಕಾಗದ ಬೆಣ್ಣೆಯೊಳಗಿನ ಕೂದಲಿನ ಹಾಗೆ ಸರಕ್ಕನೆ ಈಚೆಗೆ ಬಂತು. ಕಿರ್ ಇಲ್ಲ, ಟಕ್ ಇಲ್ಲ. ಮತ್ತೊಂದು ಸಲ ಒತ್ತಿದೆ. ಅದೇ ಮೌನ.

ಟ್ರೇ ಎಳೆದು ನೋಡಿದೆ. ರೋಲರ್ ಹೊಸದು. ಭಾವನೇ ಈಚೆಗೆ ಬದಲಾಯಿಸಿದ್ದು.

“ಆಯ್ತಾ?” ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಇನ್ನು ನನ್ನ ಮಾತು ಕೇಳಿ. ನಾನು ಈ ಆಫೀಸಿಂದ ಫೋನ್ ಮಾಡಿದೆ ಅಂತ ನಿಮಗೆ ಹೇಳಿದ್ದು ಯಾರು?”

“ಅಂದ್ರೆ?”

“ಬೆಳಗ್ಗೆ ಬಂದೆ, ಮೆಷಿನ್ ಸತ್ತಿತ್ತು. ಹಿಂದೆ ಬಗ್ಗಿ ನೋಡೋಕೆ ನನ್ನ ಮಂಡಿ ಬಿಡಲ್ಲ. ನಿಮ್ಮ ಕಂಪನಿಗೆ ಫೋನ್ ಮಾಡಿದೆ, ಮಾಡಿದೆ, ಬರೀ ಎಂಗೇಜ್. ಎರಡು ಬೀದಿ ಆಚೆಗೆ ತಾನೇ ಇರೋದು, ಹೋಗಿ ಹೇಳೇಬಿಡೋಣ ಅಂತ ನಡ್ಕೊಂಡು ಬಂದೆ. ಅಲ್ಲಿ ಗಾಜಿನ ಹಿಂದೆ ಒಬ್ಬಳು ಹುಡುಗಿ. ‘ನಮ್ಮ ಮೆಷಿನ್ ಕೆಟ್ಟಿದೆ ಕಣಮ್ಮ’ ಅಂದೆ. ಅವಳು ಬೋರ್ಡ್ ತೋರಿಸಿದ್ಲು.”

ಆ ಬೋರ್ಡು ನನಗೆ ಗೊತ್ತು. ‘ಕಂಪ್ಲೇಂಟು ಫೋನಿನಲ್ಲಿ ಮಾತ್ರ.’ ಪ್ರತಿ ಕಂಪ್ಲೇಂಟೂ ರೆಕಾರ್ಡ್ ಆಗಬೇಕೆಂದು ನಮ್ಮ ಯಜಮಾನರು ಮಾಡಿದ ಕಾನೂನು ಅದು. ಬ್ರಹ್ಮ ಬಂದು ಎದುರಿಗೆ ನಿಂತರೂ ಫೋನು ಮಾಡಬೇಕು.

“ಆಮೇಲೆ?”

“ಆಮೇಲೆ ಏನು, ಮಾನ ಮರ್ಯಾದೆ ಬಿಟ್ಟು ಅಲ್ಲೇ ನಿಂತ್ಕೊಂಡು ಅವಳಿಗೇ ಫೋನ್ ಮಾಡಿದೆ. ಇಲ್ಲಿ ನಾನು, ಅಲ್ಲಿ ಅವಳು, ಮಧ್ಯೆ ಗಾಜು. ನನ್ನ ಮುಖ ನೋಡ್ಕೊಂಡೇ ‘ಯಾವ ಆಫೀಸು ಮೇಡಂ’ ಅಂತ ಕೇಳಿದ್ಲು ಮಹಾರಾಯ್ತಿ!”

ಹೀಗೆ ನಿಂತು ಫೋನು ಮಾಡುವವರನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ನೋಡಿ ನಕ್ಕಿದ್ದೇನೆ. ಆ ಗಾಜಿನ ಪಕ್ಕದಲ್ಲೇ ನಮ್ಮ ವರ್ಕ್‌ಶಾಪಿನ ಹಳೇ ಮೆಷಿನ್ನು ದಿನವಿಡೀ ಓಡುತ್ತದೆ. ಸ್ವಂತ ಮನೆಯ ಗಡಿಯಾರದ ಸದ್ದು ಮನೆಯವರ ಕಿವಿಗೆ ಬೀಳುವುದಿಲ್ಲ ನೋಡಿ, ಹಾಗಾಗಿತ್ತು ನನ್ನ ಕಥೆ. ನಮ್ಮದೇ ಮೆಷಿನ್ನಿನ ಕಿರುಗುಟ್ಟುವಿಕೆಯನ್ನು ಹಿಡಿದುಕೊಂಡು, ಈ ವಯಸ್ಸಾದ ಹೆಂಗಸನ್ನು ಕಳ್ಳಿ ಮಾಡಲು ಹೊರಟಿದ್ದೆ.

“ತಪ್ಪಾಯ್ತು ಮೇಡಂ.”

“ಆಗ್ಲಿ ಬಿಡಿ. ನಿಮ್ಮದೂ ಮನೆ ಸಂಕಟ.”

ಆದರೆ ತಲೆಯೊಳಗೆ ಒಂದು ಮುಳ್ಳು ಚುಚ್ಚುತ್ತಿತ್ತು. ಈ ಕರೆ ವಕೀಲರ ಆಫೀಸಿನಿಂದ ಬಂತು ಎಂದು ಪೊಲೀಸರಿಗೆ ಹೇಳಿದವಳು ಫೋನಮ್ಮ. ಎದುರಿಗೆ ನಿಂತಿದ್ದವರನ್ನು ಕಣ್ಣಾರೆ ಕಂಡವಳು ಹಾಗೆ ಯಾಕೆ ಹೇಳಿದಳು? ಅದನ್ನು ಅಷ್ಟು ಉತ್ಸಾಹದಿಂದ ನಗುವಿನ ಡಬ್ಬಿಗೆ ಹಾಕಿದವಳೂ ಅವಳೇ. ಒಂದು ವಿಷಯಕ್ಕೆ ಎಲ್ಲರೂ ಸೇರಿ ನಕ್ಕುಬಿಟ್ಟರೆ, ಆಮೇಲೆ ಅದರ ಬಗ್ಗೆ ಯಾರೂ ಪ್ರಶ್ನೆ ಕೇಳುವುದಿಲ್ಲ.

ಮೇಡಂ ಅಕ್ಕನಿಗೆ ನೀರು ಕೊಟ್ಟರು. ನಾನು ಮತ್ತೆ ಮೆಷಿನ್ನಿನ ಹತ್ತಿರ ಹೋದೆ. ಅದರ ಹಿಂದೆ ಗೋಡೆಯಲ್ಲಿ, ಕೈಗೆಟುಕದ ಜಾಗದಲ್ಲಿ, ಪ್ಲಗ್ಗಿನ ಪಾಯಿಂಟು ಇತ್ತು.

“ಮೇಡಂ, ಇಲ್ಲಿ ಯಾರಾದ್ರೂ ದಿನಾ ಪ್ಲಗ್ ಕೀಳೋ ಅಭ್ಯಾಸ ಉಂಟಾ?”

“ಅದನ್ನ ಕೀಳ್ಬೇಕಾದ್ರೆ ಮೆಷಿನ್ ಈಚೆಗೆ ಎಳೀಬೇಕು. ಯಾರು ಎಳೀತಾರೆ? ಶನಿವಾರ ಸಾಯಂಕಾಲ ನಾನೇ ಕಾಪಿ ತೆಗೆದು, ಬೀಗ ಹಾಕ್ಕೊಂಡು ಹೋಗಿದ್ದೀನಿ. ಚೆನ್ನಾಗಿತ್ತು.”

“ಭಾನುವಾರ?”

“ಭಾನುವಾರ ಕಟ್ಟಡ ಗುಡಿಸೋರು ಬಂದು ಎಲ್ಲಾ ಆಫೀಸಿನ ಬಾಗಿಲೂ ತೆಗೆದಿಟ್ಟಿರ್ತಾರೆ. ನಿಮ್ಮ ಕಂಪನಿ ಅಂಗಿ ಹಾಕ್ಕೊಂಡು ಬಂದ್ರೆ ಅವರು ಯಾಕೆ ಅಂತ ಕೇಳೋದೂ ಇಲ್ಲ.”

ನಾನು ಮೆಷಿನ್ನಿಗೆ ಒರಗಿಕೊಂಡು ನಿಂತೆ. ಭಾವ ಹೇಳಿಕೊಟ್ಟ ಮೊದಲ ಪಾಠ ನೆನಪಿಗೆ ಬಂತು. ‘ಬೆನ್ನು ಬಿಚ್ಚೋ ಮೊದಲು ಪ್ಲಗ್ ಕೀಳು. ನಿನ್ನ ಹೆಂಡ್ತಿ ಮಕ್ಕಳ ಮೇಲೆ ಆಣೆ, ಕಿತ್ತೇ ಬಿಚ್ಚಬೇಕು.’ ನಮ್ಮ ಕೈಗೆ ಅದು ಎಷ್ಟು ಅಭ್ಯಾಸವಾಗಿದೆಯೆಂದರೆ ಮನಸ್ಸನ್ನು ಕೇಳದೆಯೇ ಕೈ ಪ್ಲಗ್ಗಿಗೆ ಹೋಗುತ್ತದೆ. ಹೊರಗಿನ ಕಳ್ಳ ಬಂದಿದ್ದರೆ ಪ್ಲಗ್ಗಿನ ಗೊಡವೆಗೇ ಹೋಗುತ್ತಿರಲಿಲ್ಲ. ಬೆನ್ನು ಮೀಟಿ, ಡಿಸ್ಕು ಕಿತ್ತುಕೊಂಡು ಹೋಗುತ್ತಿದ್ದ. ಬಂದವನು ನಮ್ಮವನು. ಗುರುಗಳ ಕೈಯಲ್ಲೇ ಕಲಿತವನು. ಭಾನುವಾರ ಬಂದಿದ್ದಾನೆ, ಅಭ್ಯಾಸಬಲದಿಂದ ಪ್ಲಗ್ಗು ಎಳೆದಿದ್ದಾನೆ, ಕೆಲಸ ಮುಗಿಸಿದ್ದಾನೆ. ಹೊರಡುವ ಗಡಿಬಿಡಿಯಲ್ಲಿ ಪ್ಲಗ್ಗು ಮರೆತು ಮೆಷಿನ್ನನ್ನು ಗೋಡೆಗೆ ನೂಕಿ ಹೋಗಿದ್ದಾನೆ.

ಅಂದರೆ ಸೋಮವಾರ ಭಾವ ಬರುವ ಹೊತ್ತಿಗೆ ಡಿಸ್ಕು ಆಗಲೇ ಹೋಗಿತ್ತು!

ಇದನ್ನೆಲ್ಲ ಮೇಡಂಗೆ ಒಂದೇ ಉಸಿರಿನಲ್ಲಿ ಹೇಳಿದೆ. ಅವರು ಮಧ್ಯೆ ಮಧ್ಯೆ ತಡೆದು, ಕೋರ್ಟಿನಲ್ಲಿ ಸಾಕ್ಷಿಯನ್ನು ಕೇಳುವ ಹಾಗೆ ಕೇಳಿದರು.

“ಭಾನುವಾರ ನಿಮ್ಮ ಭಾವನೇ ಬಂದಿರಬಹುದಲ್ಲ?”

“ಭಾನುವಾರ ಅವರು ಮನೆ ಬಿಟ್ಟು ಅಲ್ಲಾಡಿಲ್ಲ ಮೇಡಂ. ಅಕ್ಕನೇ ಪೊಲೀಸರ ಮುಂದೆ ಹೇಳಿದ್ದಾಳೆ. ಅಲ್ವಾ ಅಕ್ಕಾ?”

ಅಕ್ಕ ನೀರಿನ ಲೋಟ ನೋಡುತ್ತಾ ತಲೆಯಾಡಿಸಿದಳು.

ಮೇಡಂ ಫೋನು ಎತ್ತಿ ನೇರವಾಗಿ ಇನ್‌ಸ್ಪೆಕ್ಟರಿಗೇ ಹಚ್ಚಿದರು. ವಕೀಲರ ಆಫೀಸಿನಲ್ಲಿ ತಲೆ ನೆರೆದವರ ಮಾತಿಗೆ ಬೇರೆಯೇ ತೂಕ. “ನಾನು ಬರೆದು ಕೊಡ್ತೀನಿ. ಸೋಮವಾರಕ್ಕೆ ಮೊದಲೇ ಮೆಷಿನ್ ಮುಟ್ಟಿದ್ದಾರೆ. ವಿಚಾರಣೆಗೆ ಅಂತ ತಾನೇ ಕೂರಿಸಿಕೊಂಡಿರೋದು? ಆ ಮನುಷ್ಯನ ಮೇಲೆ ಬೇರೆ ಏನಾದ್ರೂ ಇದೆಯಾ ನಿಮ್ಮ ಹತ್ರ? ಇಲ್ಲ ಅಂದ ಮೇಲೆ ಮನೆಗೆ ಕಳ್ಸಿ.”

ಫೋನು ಇಟ್ಟು, “ಬಿಡ್ತಾರಂತೆ. ಕರ್ಕೊಂಡು ಹೋಗೋಕೆ ನಿಮ್ಮ ಯಜಮಾನರಿಗೂ ಈಗಲೇ ಹೇಳಿ ಕಳಿಸ್ತಾರಂತೆ,” ಎಂದರು.

ನನಗೆ ಅಳು ಬಂತು. ನಾಚಿಕೆ ಬಿಟ್ಟು ಹೇಳುತ್ತೇನೆ, ಅತ್ತೇಬಿಟ್ಟೆ. ಬುಧವಾರದಿಂದ ಮೈಮೇಲೆ ಹೊತ್ತುಕೊಂಡು ತಿರುಗುತ್ತಿದ್ದ ಭಾರ ಇಳಿಯಿತು. “ನಡಿ ಅಕ್ಕಾ, ಭಾವನ್ನ ಕರ್ಕೊಂಡು ಬರೋಣ,” ಎಂದೆ.

ಅಕ್ಕ ಏಳಲಿಲ್ಲ.

“ಅಕ್ಕಾ?”

“ಮನೇಲಿರ್ಲಿಲ್ಲ ಕಣೋ,” ಎಂದಳು.

“ಯಾರು?”

“ಅವರು. ಭಾನುವಾರ. ಮಧ್ಯಾಹ್ನ ಯಾರದೋ ಫೋನ್ ಬಂತು. ಚೀಲ ಕೂಡ ತಗೊಳ್ದೆ ಹಾಗೇ ಎದ್ದು ಹೋದ್ರು. ವಾಪಸ್ ಬಂದಾಗ ಮುಖ ಬಿಳಿಚಿಕೊಂಡಿತ್ತು. ಏನು ಅಂತ ಕೇಳಿದ್ರೆ ಮಕ್ಕಳನ್ನ ಹತ್ರ ಕೂರಿಸ್ಕೊಂಡು ಸುಮ್ನಾದ್ರು. ರಾತ್ರಿ ಊಟಾನೂ ಮಾಡ್ಲಿಲ್ಲ.”

ಮೇಡಂ ಮತ್ತೆ ಕನ್ನಡಕ ಹಾಕಿಕೊಂಡರು.

“ಮತ್ತೆ ಪೊಲೀಸರಿಗೆ ಯಾಕಮ್ಮ ಹಾಗೆ ಹೇಳಿದೆ?” ಎಂದು ಕೇಳಿದವರು ಅವರೇ.

“ನನಗೆ ಹೇಳಿಕೊಟ್ರು. ‘ಯಾರಾದ್ರೂ ಕೇಳಿದ್ರೆ ಭಾನುವಾರ ಮನೇಲೇ ಇದ್ರು ಅಂತ ಹೇಳಿ ಅಕ್ಕಾ, ಗುರುಗಳ ಒಳ್ಳೇದಕ್ಕೇ ಹೇಳ್ತಿರೋದು’ ಅಂದ್ಲು.”

“ಯಾರು ಅಂದಿದ್ದು?”

“ಫೋನಮ್ಮ.” ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. “ಪೊಲೀಸ್ ಬಂದಿದ್ದು ಬುಧವಾರ. ಅವಳು ನಂಗೆ ಫೋನ್ ಮಾಡಿದ್ದು ಮಂಗಳವಾರ.”

ಡಿಸ್ಕು ಹೋಗಿದೆ ಎಂದು ಮಂಗಳವಾರ ಈ ಆಫೀಸಿನವರಿಗೇ ಗೊತ್ತಿರಲಿಲ್ಲ.

ಮೊಬೈಲು ತೆಗೆದು ಫೋನಮ್ಮನ ಸ್ವಂತ ನಂಬರಿಗೆ ಹಚ್ಚಿದೆ. ಸ್ಪೀಕರ್ ಹಾಕಿದೆ.

“ಹೇಳಿ ಅಣ್ಣ, ಹಲ್ಲಿನ ಡಾಕ್ಟರದು ಮುಗೀತಾ?”

“ನಾಟಕ ಸಾಕು. ವಕೀಲರ ಆಫೀಸಲ್ಲಿದ್ದೀನಿ. ಅಕ್ಕ ಎಲ್ಲಾ ಹೇಳಿದ್ಲು. ನಮ್ಮ ಮನೆ ಅನ್ನ ತಿಂದವಳು ನೀನು. ಅವರನ್ನ ಒಳಗೆ ಹಾಕ್ಸೋಕೆ ನಿನಗೆ ಮನಸ್ಸಾದ್ರೂ ಹೇಗೆ ಬಂತು?”

ಅತ್ತ ಕಡೆ ಅವಳು ಎದ್ದು ಬಾಗಿಲು ಹಾಕಿಕೊಂಡ ಸದ್ದು ಕೇಳಿತು. ಹಿಂದಿನ ಕಿರ್ ಟಕ್ ನಿಂತಿತು.

“ನಾನು ಹಾಕ್ಸಿದ್ದಲ್ಲ ಅಣ್ಣ,” ಎಂದಳು. ಧ್ವನಿ ಪೂರ್ತಿ ಬದಲಾಗಿತ್ತು, ಗಿರಾಕಿಗಳ ಜೊತೆ ಮಾತಾಡುವ ಆ ಜೇನು ತುಪ್ಪ ಎಲ್ಲೂ ಇರಲಿಲ್ಲ. “ಗುರುಗಳೇ ಹೋಗಿ ಕೂತಿರೋದು. ಭಾನುವಾರ ಯಾರದೋ ಫೋನ್ ಬಂದು ಆ ಆಫೀಸಿಗೆ ಹೋದಾಗ, ಡಿಸ್ಕ್ ತೆಗೀತಿದ್ದವನನ್ನ ಅವರು ಕಣ್ಣಾರೆ ನೋಡಿದ್ರು. ಅವನೂ ಇವರನ್ನ ನೋಡಿದ. ಬಾಯಿ ಬಿಟ್ರೆ ಮನೇವರನ್ನ ಉಳಿಸಲ್ಲ ಅಂದನಂತೆ. ಸೋಮವಾರ ಆ ಮೇಡಂ ಬಂದು ಗಾಜಿನ ಮುಂದೆ ನಿಂತ್ರಲ್ಲ, ಆಗ ಗುರುಗಳು ನನ್ನ ಪಕ್ಕದಲ್ಲೇ ಇದ್ರು. ಆ ಕಾಲ್ ನನಗೇ ಕೊಡು ಅಂತ ಇಸ್ಕೊಂಡು ಹೋದ್ರು. ಕಳ್ಳತನ ತಮ್ಮ ತಲೆ ಮೇಲೆ ಬರ್ಲಿ, ಒಳಗಿದ್ರೆ ಅವನ ಕೈಗೆ ಸಿಗಲ್ಲ, ಮನೆ ಕಡೇನೂ ಅವನು ತಲೆ ಹಾಕಲ್ಲ ಅಂತ. ಭಾನುವಾರದ ವಿಷಯ ಯಾರೂ ಕೆದಕಬಾರ್ದು ಅಂತಲೇ ಅಕ್ಕಂಗೆ ಹಾಗೆ ಹೇಳಿಕೊಟ್ಟೆ, ಕಾಲ್ ಆಫೀಸಿಂದಲೇ ಬಂತು ಅಂತ ಪೊಲೀಸರಿಗೂ ಹೇಳಿದೆ.”

“ಅವನು ಯಾರು?”

“ನನಗೂ ಹೇಳ್ಲಿಲ್ಲ. ಕಂಪನಿಯವನೇ ಅಂತ ಅಷ್ಟೇ ಗೊತ್ತು. ದಿನಾ ಎಲ್ಲರಿಗೂ ಕಾಲ್ ಹಂಚ್ತೀನಲ್ಲ ಅಣ್ಣ, ಯಾರ ಮುಖ ನೋಡಿದ್ರೂ ಅವನೇ ಅನ್ಸುತ್ತೆ.” ಅವಳು ಅಳುತ್ತಿದ್ದಳು. “ನೀವು ಏನಾದ್ರೂ ಮಾಡ್ಕೊಳ್ಳಿ, ಅವರನ್ನ ಮಾತ್ರ ಈಚೆಗೆ ತರ್ಬೇಡಿ. ಪೊಲೀಸರಿಗೆ ಇನ್ನೂ ಏನೂ ಹೇಳಿಲ್ಲ ತಾನೇ?”

ನಾನು ಮೇಡಂ ಕಡೆ ತಿರುಗಿದೆ. ಅಷ್ಟರಲ್ಲೇ ಮೇಜಿನ ಮೇಲಿನ ಫೋನು ಹೊಡೆದುಕೊಂಡಿತು. ಮೇಡಂ ಎತ್ತಿದರು.

“ಹೌದು ಇನ್‌ಸ್ಪೆಕ್ಟರೇ, ಸ್ವಲ್ಪ ತಡೀರಿ, ಅವರನ್ನ ಈಗ ಬಿಡೋದು ಬೇಡ, ನಾನು ಹೇಳ್ತೀನಿ ಯಾಕೆ ಅಂತ...” ಮಾತು ಅರ್ಧಕ್ಕೇ ನಿಂತಿತು. ಅವರು ಬಹಳ ಹೊತ್ತು ಕೇಳಿಸಿಕೊಂಡರು. ಆಮೇಲೆ ಫೋನನ್ನು ಮೆಲ್ಲಗೆ ಕೆಳಗಿಟ್ಟರು.

“ಬಿಟ್ಟಾಯ್ತಂತೆ,” ಎಂದರು. “ನಿಮ್ಮ ಭಾವ ಹೊರಗೆ ಬರೋಕೇ ಒಪ್ಪಲಿಲ್ಲವಂತೆ. ಕಂಬಿ ಹಿಡ್ಕೊಂಡು ಕೂತ್ಬಿಟ್ರಂತೆ. ಕರ್ಕೊಂಡು ಹೋಗೋಕೆ ಬಂದವರೇ ಸಮಾಧಾನ ಮಾಡಿ, ಹೆಗಲ ಮೇಲೆ ಕೈ ಹಾಕಿ, ಗಾಡಿ ಹತ್ತಿಸಿಕೊಂಡು ಹೋದ್ರಂತೆ.”

“ಬಂದವರು ಯಾರು ಮೇಡಂ?” ಅಕ್ಕ ಎದ್ದು ನಿಂತಿದ್ದಳು.

“ನಿಮ್ಮ ಕಂಪನಿ ಅಂಗಿ ಹಾಕಿದ್ದನಂತೆ. ನಾನು ಇವರ ಭಾವಮೈದ, ಇವರ ಹೆಂಡ್ತಿ ತಮ್ಮ ಅಂತ ಹೇಳಿದನಂತೆ.”

ಅಕ್ಕ ನನ್ನ ಕಡೆ ತಿರುಗಿದಳು. ಅವಳಿಗಿರುವ ತಮ್ಮ ನಾನೊಬ್ಬನೇ.